ತುಂಬಿದ ಬಾಟಲಿ ಹಾಗೇ ಮನೆಗೆ ವಾಪಸ್

ಪ್ರಶ್ನೆ: ಅಕ್ಕಾ, ನಾನು ಅಂಕೋಲಾದವಳು, ವಯಸ್ಸು 39. ಕಾರವಾರದ ಒಂದು ಡಿಗ್ರಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕೆಲಸ ಖಾಯಂ. ಧಾರವಾಡದಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿ ನಾಲ್ಕು ವರ್ಷವಾಯಿತು, ಎರಡೇ ಅಧ್ಯಾಯ ಮುಗಿದಿವೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಹೋಗುತ್ತೇನೆ. ಸಂಜೆ ಸೀಟು ಸಿಕ್ಕರೆ ಉತ್ತರಪತ್ರಿಕೆ ತಿದ್ದುತ್ತೇನೆ. ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಇದ್ದರೂ ರಂಗೋಲಿ, ಪ್ರಾರ್ಥನೆ, ಹಾರ-ತುರಾಯಿ ನನ್ನ ಪಾಲಿಗೆ. ಪರೀಕ್ಷಾ ವಿಭಾಗದ ಕೆಲಸ ಕೊಡಿ ಅಂತ ಕೇಳಿದರೆ 'ನಿಮಗೆ ಮನೆ-ಮಕ್ಕಳು ಇದೆ, ಯಾಕೆ ತ್ರಾಸು' ಅನ್ನುತ್ತಾರೆ. ಯಜಮಾನರು ಒಳ್ಳೆಯವರು, ಭಾನುವಾರ ಬಂಗಡೆ ಸಾರು ಅವರದೇ. ಆದರೂ ರಾತ್ರಿ ಮಲಗಿದಾಗ ಸುಮ್ನೆ ಕಣ್ಣೀರು ಬರುತ್ತದೆ. ಮನೆಯಿಂದ ಒಯ್ದ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತದೆ, ಅಷ್ಟೂ ಪುರುಸೊತ್ತಿಲ್ಲ. ಏನು ಮಾಡಲಿ?
– ಓದುಗಿ, ಅಂಕೋಲಾ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯಲ್ಲಿ ಸುಮ್ನೆ ಸೇರಿಸಿದ ಬಾಟಲಿಯ ಮಾತಿನ ಹತ್ತಿರ ಮೂರು ಸಲವೂ ನಿಂತೆ. ನಿಜ ಹೇಳಿ, ಪುರುಸೊತ್ತಿಲ್ಲ ಅಂತ ನೀರು ಕುಡಿಯುವುದಿಲ್ಲವೋ ಅಥವಾ ಶೌಚಾಲಯಕ್ಕೆ ಹೋಗುವುದು ಕಷ್ಟ ಅಂತಲೋ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಶಿರಸಿಗೆ ಬರುವ ಮೊದಲು ನಾನೂ ಏಳು ವರ್ಷ ಕರಾವಳಿಯ ಒಂದು ಕಾಲೇಜಿನಲ್ಲಿದ್ದೆ. ಅಲ್ಲಿ ಹೆಂಗಸರ ಶೌಚಾಲಯಕ್ಕೆ ಸದಾ ಬೀಗ. ಕೀಲಿಕೈ ಆಫೀಸಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕಳೆದುಹೋಗಬಾರದು ಅಂತ ಅದಕ್ಕೆ ಗೇಣುದ್ದದ ಮರದ ತುಂಡು ಕಟ್ಟಿದ್ದರು. ಆ ತುಂಡು ಹಿಡಿದುಕೊಂಡು, ಹುಡುಗರು ಸಾಲಾಗಿ ಕೂತಿರುವ ವರಾಂಡ ದಾಟಿ ಹೋಗಬೇಕು. ಎಲ್ಲರಿಗೂ ಗೊತ್ತಾಗುತ್ತಿತ್ತು, ಮೇಡಂ ಎಲ್ಲಿಗೆ ಹೊರಟರು ಅಂತ. ನಾಚಿಕೆಯಾಗಿ ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಲೋಟ ಚಹಾ, ಆಮೇಲೆ ಸಂಜೆಯೇ. ನಮ್ಮ ಕರಾವಳಿಯ ಏಪ್ರಿಲ್ ಸೆಕೆ ಗೊತ್ತಲ್ಲ, ಹಲಗೆಯ ಮೇಲೆ ನಾಲ್ಕು ಸಾಲು ಬರೆಯುವುದರೊಳಗೆ ಬೆನ್ನು ಒದ್ದೆ. ಆ ಬೇಸಿಗೆಯಲ್ಲಿ ಎರಡು ಸಲ ಮೂತ್ರದ ಸೋಂಕಾಯಿತು. ಎರಡನೆಯ ಸಲ ಚಳಿ ಜ್ವರ ಬಂದು ಒಂದು ವಾರ ಮಲಗಿದೆ. 'ದಿನಕ್ಕೆ ಎಷ್ಟು ನೀರು ಕುಡೀತೀರಿ?' ಎಂದು ಡಾಕ್ಟರಮ್ಮ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಗುಣವಾಗಿ ಹೋದ ಮೇಲೆ ಉಳಿದ ನಾಲ್ವರು ಉಪನ್ಯಾಸಕಿಯರನ್ನು ಕೇಳಿದೆ. ಐದೂ ಜನರದ್ದು ಅದೇ ಕತೆ! ಒಬ್ಬರಿಗೊಬ್ಬರು ಹೇಳಿಕೊಂಡೇ ಇರಲಿಲ್ಲ. ಐದೂ ಜನ ಸಹಿ ಮಾಡಿ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಟ್ಟೆವು. ಬೀಗ ಬೇಡ, ಒಳಗೆ ಚಿಲಕ ಹಾಕಿಸಿ, ಬಕೆಟ್ಟಿನಲ್ಲಿ ನೀರಿರಲಿ, ಅಷ್ಟೇ. ಬಾಯಲ್ಲಿ ಎಷ್ಟೋ ಸಲ ಹೇಳಿದ್ದೆವು, ಆಗಿರಲಿಲ್ಲ. ಪತ್ರಕ್ಕೆ ಇನ್‌ವರ್ಡ್ ನಂಬರ್ ಬಿದ್ದ ಮೇಲೆ ಎಂಟೇ ದಿನದಲ್ಲಿ ಬಡಗಿ ಬಂದ.

ಆದ್ದರಿಂದ ನಾಳೆಯಿಂದ ಬಾಟಲಿ ಖಾಲಿ ಮಾಡಿ. ಎರಡು ತರಗತಿಯ ನಡುವೆ ನಾಲ್ಕು ಗುಟುಕು. ಮುರುಗಲು ಶರಬತ್ತು ಒಯ್ದರೂ ಆಯಿತು. ಶೌಚಾಲಯದ್ದೇ ತೊಂದರೆಯಾದರೆ ಜೊತೆಯವರನ್ನು ಕೇಳಿ, ಬರೆದು ಕೊಡಿ.

ಇನ್ನು ರಂಗೋಲಿ. ರಂಗೋಲಿ ಹಾಕುವುದು ಕಡಿಮೆ ಕೆಲಸ ಅಂತ ನಾನು ಹೇಳುವುದಿಲ್ಲ. ಹಿಂದಿನ ರಾತ್ರಿ ಹೂವಿನವರಿಗೆ ಫೋನು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹಾಜರಿ, ಎಷ್ಟು ದುಡಿತ! ಆದರೆ ಅದು ಎಲ್ಲೂ ದಾಖಲಾಗುವುದಿಲ್ಲ. ಕಾಲೇಜು-ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮ ತೆಗೆದು ನೋಡಿ. ಬಡ್ತಿಗೆ ಪಾಠದ ಜೊತೆ ಪರೀಕ್ಷೆಯ ಕೆಲಸ, ಸಂಚಾಲಕತ್ವ, ಎನ್‌ಎಸ್‌ಎಸ್, ವಿಚಾರಸಂಕಿರಣ ನಡೆಸಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಸಾಂಸ್ಕೃತಿಕ ಚಟುವಟಿಕೆಯೂ ಬರುತ್ತದೆ. ನೀವು ಮಾಡಿದ್ದಕ್ಕೆ ಆದೇಶದ ಕಾಗದ ಇರಬೇಕು, ಅಷ್ಟೇ. 'ಸಾಂಸ್ಕೃತಿಕ ಸಮಿತಿಯ ಸಂಚಾಲಕಿ ಅಂತ ಆದೇಶ ಕೊಡಿ ಸರ್, ಮಾಡುತ್ತೇನೆ' ಎನ್ನಿ. ಮುಂದಿನ ವರ್ಷ ಸಮಿತಿಗಳನ್ನು ಹಂಚುವ ಮೊದಲೇ ಪರೀಕ್ಷಾ ವಿಭಾಗ ಬೇಕೆಂದು ಬರೆದು ಕೊಡಿ. 'ಮನೆ-ಮಕ್ಕಳು ಇದೆ' ಎನ್ನುವವರಿಗೂ ಮನೆ-ಮಕ್ಕಳು ಇರುತ್ತಾರೆ, ಅಲ್ವಾ? ನಿಮ್ಮ ತ್ರಾಸು ಎಷ್ಟೆಂದು ನೀವು ಹೇಳಬೇಕು, ಅವರಲ್ಲ.

ಪಿಎಚ್‌ಡಿ ಕೈತಪ್ಪಿತು ಅಂದುಕೊಳ್ಳಬೇಡಿ. ಯುಜಿಸಿ ನಿಯಮದಲ್ಲಿ ಎಲ್ಲರಿಗೂ ಆರು ವರ್ಷ. ಹೆಣ್ಣುಮಕ್ಕಳಿಗೆ ಅದಕ್ಕಿಂತ ಎರಡು ವರ್ಷ ಜಾಸ್ತಿ ಕೊಡಲು ಅವಕಾಶ ಇದೆ. ಹೆರಿಗೆಗೋ ಮಕ್ಕಳನ್ನು ನೋಡಿಕೊಳ್ಳಲೋ ಒಮ್ಮೆ 240 ದಿನದವರೆಗೆ ರಜೆಯೂ ಸಿಗುತ್ತದೆ. ಮಾರ್ಗದರ್ಶಕರನ್ನು ಕೇಳಿ, ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿ.

ಬಸ್ಸಿನಲ್ಲಿ ಉತ್ತರಪತ್ರಿಕೆ ತಿದ್ದಬೇಡಿ. ಸೀಟು ಸಿಕ್ಕ ದಿನ ಕಣ್ಣು ಮುಚ್ಚಿ ಮಲಗಿ. ಅಂಕೋಲಾ ಬಂದರೆ ಪಕ್ಕದವರು ಎಬ್ಬಿಸುತ್ತಾರೆ. ಯಜಮಾನರ ಸಾರು ಬುಧವಾರಕ್ಕೂ ಬರಲಿ. ಆ ಸಂಜೆ ಎರಡು ತಾಸು ಬಾಗಿಲು ಹಾಕಿಕೊಂಡು ಮೂರನೆಯ ಅಧ್ಯಾಯಕ್ಕೆ ಕೂತುಬಿಡಿ. ಮಕ್ಕಳು ಬಾಗಿಲು ಬಡಿದರೂ ಅಪ್ಪ ಇದ್ದಾರಲ್ಲ.

ಅಳು ಎರಡು ವಾರಕ್ಕಿಂತ ಜಾಸ್ತಿಯಿಂದ ಬರುತ್ತಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ ದಯವಿಟ್ಟು ತಡ ಮಾಡಬೇಡಿ, ಡಾಕ್ಟರಿಗೆ ತೋರಿಸಿ. ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಆಂತರಿಕ ದೂರು ಸಮಿತಿಯ ಬೋರ್ಡಿನಲ್ಲಿ ನಿವೃತ್ತರಾಗಿ ಹೋದವರ ಹೆಸರುಗಳೇ ಇವೆ. ಸರಿಯೇ?
– ಓದುಗಿ, ಕುಮಟಾ

ಉತ್ತರ: ಸರಿಯಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಈ ಸಮಿತಿಯ ಸದಸ್ಯರ ಅವಧಿ ಮೂರು ವರ್ಷ ಮೀರುವಂತಿಲ್ಲ. ಮುಖ್ಯಸ್ಥೆ ಹಿರಿಯ ಮಹಿಳೆಯೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು, ಹೊರಗಿನವರೊಬ್ಬರು ಬೇಕೇ ಬೇಕು. ದೂರು ಕೊಡಲು ಇರುವುದು ಮೂರು ತಿಂಗಳು. ಪಾಪ, ಯಾವುದೋ ಹುಡುಗಿ ಧೈರ್ಯ ಮಾಡಿ ಬಂದಾಗ ಬೋರ್ಡಿನಲ್ಲಿರುವವರು ಸಿಗದಿದ್ದರೆ ಆ ದಿನಗಳು ಹಾಗೇ ಕಳೆದುಹೋಗುತ್ತವೆ. ಪ್ರಾಂಶುಪಾಲರಿಗೆ ಈ ವಾರವೇ ಬರೆಯಿರಿ.

ಪ್ರಶ್ನೆ: ಅಕ್ಕಾ, ನಾನು ಅತಿಥಿ ಉಪನ್ಯಾಸಕಿ. ಈಗ ಐದು ತಿಂಗಳು. 'ನೀವು ಖಾಯಂ ಅಲ್ಲ, ಹೆರಿಗೆ ರಜೆ ಇಲ್ಲ, ಬಿಟ್ಟು ಹೋಗಿ ಮುಂದಿನ ವರ್ಷ ಬನ್ನಿ' ಎಂದರು.
– ಓದುಗಿ, ಶಿರಸಿ

ಉತ್ತರ: ಬಿಟ್ಟು ಹೋಗಬೇಡಿ, ತಂಗಿ. ರಾಜೀನಾಮೆ ಅಂತ ಒಂದು ಅಕ್ಷರವನ್ನೂ ಬರೆದು ಕೊಡಬೇಡಿ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ ರಜೆ ಎನ್ನುವುದು ಹೆರಿಗೆ ಸೌಲಭ್ಯದ ಕಾನೂನು. 2017ರ ತಿದ್ದುಪಡಿಯಿಂದ ಮೊದಲೆರಡು ಮಕ್ಕಳಿಗೆ ಅದು 26 ವಾರ. ಖಾಯಂ ಆದವರಿಗೆ ಮಾತ್ರ ಅಂತ ಕಾನೂನು ಹೇಳಿಲ್ಲ. ದೆಹಲಿ ಪಾಲಿಕೆಯ ದಿನಗೂಲಿ ಹೆಂಗಸರು ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನ ತನಕ ಹೋದರು, 2000ದಲ್ಲಿ ಗೆದ್ದರು. ರಸ್ತೆ ಕೆಲಸದ ತಾಯಿಗೆ ಸಿಕ್ಕಿದ್ದನ್ನು ಪಾಠ ಹೇಳುವ ತಾಯಿ ಯಾಕೆ ಕೇಳಬಾರದು?

ಡಾಕ್ಟರ ಚೀಟಿ ಲಗತ್ತಿಸಿ ರಜೆ ಅರ್ಜಿ ಕೊಡಿ, ಸ್ವೀಕೃತಿ ಸಹಿ ಪಡೆಯಿರಿ. ಕೆಲಸಕ್ಕೆ ಸೇರಿದ ಆದೇಶ, ಹಾಜರಿ, ಗೌರವಧನ ಜಮೆಯಾದ ಬ್ಯಾಂಕ್ ಪುಟ ಜೆರಾಕ್ಸ್ ಮಾಡಿ ಮನೆಯಲ್ಲಿಡಿ. ಅರ್ಜಿ ತಳ್ಳಿದರೆ ಶಿರಸಿ ಕೋರ್ಟಿಗೇ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಫೋನು ಮಾಡುವುದಾದರೆ 15100. ಹೋಗುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ಮೆಟ್ಟಿಲು ನಿಧಾನ ಹತ್ತಿ.