ಲ್ಯಾಂಪ್ರೇಯನ್ನು ಎಲ್ಲೆಡೆ ಅಳಿಸಬೇಕೇ? – ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಹಾವುಮೀನಿನಂತೆ ಕಾಣುವ, ಮೀನುಗಳ ರಕ್ತ ಹೀರುವ ಲ್ಯಾಂಪ್ರೇ ಎಂಬ ಜಲಚರವನ್ನು ಎಲ್ಲ ನದಿಗಳಿಂದಲೂ ಏಕೆ ನಿರ್ಮೂಲ ಮಾಡಬಾರದು ಎಂದು ಕೇಳಿರುವ ನೀವು, ಅದನ್ನು ಕೊಲ್ಲಲು ಅಮೆರಿಕ ಮತ್ತು ಕೆನಡಾ ತೊರೆಗಳಿಗೆ ವಿಷ ಬೆರೆಸುವುದು ನ್ಯಾಯವೇ ಎಂದೂ ಪ್ರಶ್ನಿಸಿದ್ದೀರಿ. ಆ ಜೀವಿ ಯಾವ ನೀರಿನಲ್ಲಿದೆ ಎಂಬುದನ್ನು ನೋಡದೆ ಎರಡಕ್ಕೂ ಉತ್ತರ ಹೇಳಲಾಗದು.

ಲ್ಯಾಂಪ್ರೇಗಳ ಸುಮಾರು 40 ಪ್ರಭೇದಗಳಲ್ಲಿ ಅನೇಕವು ಪರಾವಲಂಬಿಗಳೇ ಅಲ್ಲ; ಪ್ರೌಢಾವಸ್ಥೆಯಲ್ಲಿ ಅವು ಏನನ್ನೂ ತಿನ್ನದೆ, ಮೊಟ್ಟೆಯಿಟ್ಟು ಸಾಯುತ್ತವೆ. ಕಡಲ ಲ್ಯಾಂಪ್ರೇಯ ಬದುಕು ಬೇರೆ. ದವಡೆಯಿಲ್ಲದ ಅದರ ದುಂಡು ಬಾಯಿಯೊಳಗೆ ವೃತ್ತವೃತ್ತವಾಗಿ ಹಲ್ಲುಗಳಿವೆ. ಆ ಬಾಯಿಂದ ಮೀನಿನ ಪಕ್ಕೆಗೆ ಅಂಟಿಕೊಂಡು, ಒರಟು ನಾಲಗೆಯಿಂದ ಚರ್ಮ ಕೊರೆದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವನ್ನು ಗಾಯದೊಳಕ್ಕೆ ಬಿಡುತ್ತದೆ. ಆದರೂ ಅದರ ಮೂಲ ನೆಲೆಯಾದ ಅಟ್ಲಾಂಟಿಕ್ ತೀರದಲ್ಲಿ ಮೀನುಗಳು ಅದರೊಂದಿಗೆ ಯುಗಯುಗಗಳಿಂದ ಬಾಳಿವೆ. ಅಲ್ಲಿನ ನದಿಗಳನ್ನೇರಿ ಮೊಟ್ಟೆಯಿಟ್ಟು ಸಾಯುವ ಲ್ಯಾಂಪ್ರೇಗಳ ದೇಹ ಆ ನೀರಿಗೆ ಕಡಲಿನ ಪೋಷಕಾಂಶಗಳನ್ನು ತರುತ್ತದೆ. ಅಲ್ಲಿ ಅದನ್ನು ಅಳಿಸುವುದು ಅನ್ಯಾಯ.

ಉತ್ತರ ಅಮೆರಿಕದ ಮಹಾಸರೋವರಗಳಿಗೆ ಅದನ್ನು ಬಿಟ್ಟುಕೊಂಡವರು ಮನುಷ್ಯರು. ನಯಾಗರಾ ಜಲಪಾತವು ಮೇಲಿನ ಸರೋವರಗಳಿಗೆ ಸಹಜ ತಡೆಯಾಗಿತ್ತು. ಜಲಪಾತವನ್ನು ತಪ್ಪಿಸಿ ಹಡಗುಗಳು ಸಾಗಲೆಂದು ತೋಡಿದ ವೆಲ್ಯಾಂಡ್ ಕಾಲುವೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಧಾರಿಸಿದ ನಂತರ, 1921ರಲ್ಲಿ ಈರಿ ಸರೋವರದಲ್ಲಿ ಲ್ಯಾಂಪ್ರೇ ಕಾಣಿಸಿಕೊಂಡಿತು. 1938ರ ವೇಳೆಗೆ ಅದು ಸುಪೀರಿಯರ್ ಸರೋವರವನ್ನೂ ತಲುಪಿತು. ಒಂದೊಂದು ಲ್ಯಾಂಪ್ರೇಯೂ ಪರಾವಲಂಬಿಯಾಗಿರುವ ಒಂದು, ಒಂದೂವರೆ ವರ್ಷದಲ್ಲಿ 18 ಕಿಲೋಗ್ರಾಂವರೆಗೆ ಮೀನನ್ನು ಕೊಲ್ಲಬಲ್ಲದು. ಮೇಲಿನ ಸರೋವರಗಳಲ್ಲಿ ವರ್ಷಕ್ಕೆ ಸುಮಾರು 1.5 ಕೋಟಿ ಪೌಂಡ್ ಸಿಗುತ್ತಿದ್ದ ಲೇಕ್ ಟ್ರೌಟ್ ಮೀನು 1960ರ ದಶಕದ ಆರಂಭಕ್ಕೆ 3 ಲಕ್ಷ ಪೌಂಡಿಗೆ ಕುಸಿಯಿತು. ಮಿತಿಮೀರಿ ಬಲೆ ಬೀಸಿದ್ದೂ ಇದಕ್ಕೆ ಕಾರಣವೆಂಬುದನ್ನು ಮರೆಯಬಾರದು. ಬೇಟೆಗಾರ ಮೀನಾದ ಲೇಕ್ ಟ್ರೌಟ್ ಇಲ್ಲವಾದಾಗ ಏಲ್‌ವೈಫ್ ಎಂಬ ಪರಕೀಯ ಸಣ್ಣ ಮೀನು ಅಂಕೆಯಿಲ್ಲದೆ ಹೆಚ್ಚಿತು.

ಇನ್ನು ವಿಷದ ಮಾತು. ಲ್ಯಾಂಪ್ರೇಯ ಮರಿಗಳು ತೊರೆಯ ಕೆಸರಿನಲ್ಲಿ ಹಲವು ವರ್ಷ ಹುದುಗಿರುತ್ತವೆ. ಅವನ್ನು ಕೊಲ್ಲಲು ಅನುಕೂಲವಾದ ಹಂತ ಅದು. ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ ಕಂಡುಕೊಂಡ ಟಿಎಫ್‌ಎಂ ಎಂಬ ವಿಷವನ್ನು 1958ರಿಂದ ಬಳಸಲಾಗುತ್ತಿದೆ. ಇತರ ಮೀನುಗಳು ತಮ್ಮ ದೇಹದಲ್ಲಿ ಅದನ್ನು ಬೇಗ ನಿರ್ವಿಷಗೊಳಿಸುತ್ತವೆ, ಲ್ಯಾಂಪ್ರೇಗೆ ಅದು ಸಾಧ್ಯವಾಗುವುದಿಲ್ಲ. ಆದರೆ ಸ್ಥಳೀಯ, ನಿರುಪದ್ರವಿ ಲ್ಯಾಂಪ್ರೇಗಳ ಮರಿಗಳೂ ಅದಕ್ಕೆ ಬಲಿಯಾಗುತ್ತವೆ, ಸ್ಟರ್ಜನ್ ಎಂಬ ದೊಡ್ಡ ಮೀನಿನ ಎಳೆಯ ಮರಿಗಳಿಗೂ ಅಪಾಯವಿದೆ. ನಿಮ್ಮ ಆತಂಕ ಸಕಾರಣವಾದದ್ದೇ. ಹೀಗಿದ್ದೂ ಈ ಕ್ರಮವನ್ನು ನಾನು ಸಮರ್ಥಿಸುತ್ತೇನೆ, ಏಕೆಂದರೆ ಮುಖ್ಯವಾಗಿ ಇದರಿಂದ ಬಹುತೇಕ ಕಡೆ ಕಡಲ ಲ್ಯಾಂಪ್ರೇಯ ಸಂಖ್ಯೆ ಸುಮಾರು ಶೇ. 90ರಷ್ಟು ತಗ್ಗಿದೆ. ಅಣೆಕಟ್ಟುಗಳೂ ಅದನ್ನು ತಡೆಯುತ್ತವೆ ನಿಜ, ಆದರೆ ಮೊಟ್ಟೆಯಿಡಲು ಮೇಲೇರುವ ಸ್ಟರ್ಜನ್‌ಗೂ ಅವೇ ಅಡ್ಡಿ. ಲ್ಯಾಂಪ್ರೇಯನ್ನಷ್ಟೇ ತಡೆದು ಉಳಿದ ಮೀನುಗಳಿಗೆ ದಾರಿ ಬಿಡುವ ತಡೆಗಳ ಸಂಶೋಧನೆಗೆ ಹೆಚ್ಚಿನ ಹಣ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

– ಸಂಪಾದಕ