ಷರೀಫರ ಪದಕ್ಕೆ ಅನುಮತಿ ಬೇಡ, ಧಾಟಿಗೆ ಬೇಕಾಗಬಹುದು

ಪ್ರಶ್ನೆ: ಧಾರವಾಡದಲ್ಲಿ ಮಕ್ಕಳಿಗೆ ಸುಗಮ ಸಂಗೀತ ಕಲಿಸುತ್ತೇನೆ. ಶಿಶುನಾಳ ಷರೀಫರ ಎರಡು ತತ್ವಪದ, ಬೇಂದ್ರೆಯವರ ಒಂದು ಕವಿತೆ, ಒಂದು ಹಳೆಯ ಚಿತ್ರಗೀತೆ ಹಾಡಿ ಯೂಟ್ಯೂಬ್‌ಗೆ ಹಾಕಬೇಕೆಂದಿದ್ದೇನೆ. ಹಣದ ಆಸೆಯಿಲ್ಲ. ಕವಿಯ ಹೆಸರು ಹಾಕಿದರೆ ಸಾಕಲ್ಲವೇ?

ಉತ್ತರ: ಸಾಲದು. ಹೆಸರು ಹಾಕಲೇಬೇಕು, ಆದರೆ ಅದು ಅನುಮತಿಯಾಗುವುದಿಲ್ಲ. ದುಡ್ಡು ಬಂದರೂ ಬಾರದಿದ್ದರೂ ಹಾಡನ್ನು ಧ್ವನಿಮುದ್ರಿಸಿ ಊರಿಗೆಲ್ಲ ಕೇಳಿಸಿದ ಮೇಲೆ ಹಕ್ಕುಸ್ವಾಮ್ಯದ ಪ್ರಶ್ನೆ ಏಳುತ್ತದೆ.

ಒಂದು ಹಾಡಿನೊಳಗೆ ಮೂವರ ಸ್ವತ್ತಿರುತ್ತದೆ: ಸಾಹಿತ್ಯ ಬರೆದವರದು, ರಾಗ ಸಂಯೋಜಿಸಿದವರದು, ಧ್ವನಿಮುದ್ರಣ ಮಾಡಿಸಿದವರದು. ನಮ್ಮ 1957ರ ಕಾಯ್ದೆಯಂತೆ ಮೊದಲ ಎರಡಕ್ಕೆ ಕರ್ತೃವಿನ ಜೀವಿತಕಾಲ ಮತ್ತು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ರಕ್ಷಣೆ ಇದೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಈಗ ಎಲ್ಲರದು. ಆದರೆ ನೀವು ಹಾಡುವ ಧಾಟಿ ಯಾರದು? ಸಿ. ಅಶ್ವಥ್ ಅವರು ಸಂಯೋಜಿಸಿದ್ದಾದರೆ, ಅವರು 2009ರಲ್ಲಿ ನಿಧನರಾದ ಕಾರಣ 2069ರ ಕೊನೆಯವರೆಗೆ ಅದಕ್ಕೆ ಹಕ್ಕಿದೆ. ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದ ಹಳೆಯ ಧಾಟಿಯಾದರೆ, ಇಲ್ಲವೇ ನೀವೇ ಕೂಡಿಸಿದ್ದಾದರೆ ನಿಶ್ಚಿಂತೆಯಿಂದ ಹಾಡಿ. ಬೇಂದ್ರೆಯವರ ಕವಿತೆಯದು ಇದಕ್ಕೆ ತಿರುವುಮುರುವು. ಅವರು 1981ರಲ್ಲಿ ತೀರಿಕೊಂಡರು. ನೀವು ಹೊಸ ರಾಗ ಹಾಕಿದರೂ 2041 ಮುಗಿಯುವವರೆಗೆ ಸಾಹಿತ್ಯಕ್ಕೆ ಅನುಮತಿ ಬೇಕು.

ಚಿತ್ರಗೀತೆಯ ಹಕ್ಕು ಬಹುಮಟ್ಟಿಗೆ ಆಡಿಯೊ ಕಂಪನಿಯ ಬಳಿ ಇರುತ್ತದೆ. ಅಲ್ಲಿಗೇ ಬರೆಯಿರಿ. ಅಂತರ್ಜಾಲದಲ್ಲಿ ಸಿಕ್ಕ ಕರೋಕೆ ಟ್ರ್ಯಾಕ್ ಮೇಲೆ ಹಾಡಿದರೆ ಮೂರನೆಯ ಸ್ವತ್ತನ್ನೂ ಮುಟ್ಟಿದಂತೆ, ಅದಕ್ಕೆ ಬೇರೆ ಅನುಮತಿ ಬೇಕು. ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆದ ಹಾಡನ್ನು ರಾಯಧನ ಮುಂಗಡ ಕಟ್ಟಿ ಹೊಸದಾಗಿ ಹಾಡಿ ಧ್ವನಿಮುದ್ರಿಸಲು ಕಾಯ್ದೆಯ 31ಸಿ ಕಲಮಿನಲ್ಲಿ ದಾರಿಯಿದೆ. ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಕಟ್ಟಬೇಕು. ಸಂಗೀತದ ಮೇಷ್ಟ್ರ ಕೈಗೆ ಎಟುಕುವ ಮಾತಲ್ಲ ಅದು.

ಹಿಂದೆ ಕವಿಯೊಬ್ಬರ ಮನೆಗೆ ಹೋಗಿದ್ದಾಗ ಅವರ ಪತ್ನಿ ಒಂದು ಕ್ಯಾಸೆಟ್ ತಂದು ನನ್ನ ಕೈಗಿಟ್ಟರು. ಹೊದಿಕೆಯ ಮೇಲೆ ಗಾಯಕರ ಹೆಸರು ಮೂರು ಕಡೆ ಇತ್ತು, ಕವಿಯ ಹೆಸರು ಹಿಂಬದಿಯಲ್ಲೂ ಇರಲಿಲ್ಲ. ಒಂದು ರೂಪಾಯಿ ಬಂದಿರಲಿಲ್ಲ. ಒಂದು ಕಾಗದವೂ ಬಂದಿರಲಿಲ್ಲ. ಆ ತಾಯಿಗೆ ನೋವಾದದ್ದು ಕಾಗದ ಬಾರದ್ದಕ್ಕೆ. 2012ರ ತಿದ್ದುಪಡಿ ಬಂದ ಮೇಲೆ ಗೀತರಚನಕಾರರು ತಮ್ಮ ರಾಯಧನದ ಸಮಪಾಲನ್ನು ಕಂಪನಿಗೆ ಬರೆದುಕೊಡುವಂತೆಯೇ ಇಲ್ಲ. ಅಷ್ಟು ಮಟ್ಟಿಗೆ ಕಾನೂನು ಅವರ ಬೆನ್ನಿಗಿದೆ.

ಈಗ ಮಾಡಬೇಕಾದದ್ದು: ಕವನಸಂಕಲನದ ಹಕ್ಕುಪುಟ ತೆರೆದು ಹಕ್ಕು ಯಾರ ಹೆಸರಿನಲ್ಲಿದೆ ನೋಡಿ, ಅವರಿಗೋ ಪ್ರಕಾಶಕರಿಗೋ ಒಂದು ಪುಟದ ಪತ್ರ ಬರೆಯಿರಿ. ಯಾವ ಕವಿತೆ, ಎಲ್ಲಿ ಪ್ರಸಾರ, ಎಷ್ಟು ಕಾಲ, ಮುಂದೆ ಯೂಟ್ಯೂಬ್‌ನಿಂದ ಹಣ ಬಂದರೆ ಅವರ ಪಾಲೆಷ್ಟು ಎಂಬುದೆಲ್ಲ ಅದರಲ್ಲಿರಲಿ. ಒಪ್ಪಿಗೆ ಫೋನಿನಲ್ಲಿ ಸಿಕ್ಕರೂ ಬರಹದಲ್ಲಿ ಪಡೆದು, ಆಮೇಲೆ ಸ್ಟುಡಿಯೊಗೆ ಮುಂಗಡ ಕೊಡಿ.