ಸೇಫ್ಟಿ ವಾಲ್ವ್ ಬಿಗಿ ಮಾಡಬಹುದಾ?

ಪ್ರಶ್ನೆ: ನಮ್ಮ ವರ್ಕ್‌ಶಾಪಿನ ಏರ್ ಕಂಪ್ರೆಸರ್ ಟ್ಯಾಂಕಿನ ಸೇಫ್ಟಿ ವಾಲ್ವ್ ದಿನಕ್ಕೆ ಮೂರ್ನಾಲ್ಕು ಸಲ ಊದುತ್ತದೆ. ಗಾಳಿ ಸುಮ್ನೆ ಹೋಗುತ್ತಿದೆ. ಅದರ ಸ್ಕ್ರೂ ಸ್ವಲ್ಪ ಬಿಗಿ ಮಾಡಬಹುದಾ? ಟ್ಯಾಂಕ್ ಹಳೆಯದು, ಆದರೆ ಹೊರಗೆ ಎಲ್ಲೂ ತುಕ್ಕಿಲ್ಲ.

ಉತ್ತರ: ದಯವಿಟ್ಟು ಆ ಸ್ಕ್ರೂ ಮುಟ್ಟಬೇಡಿ. ಒಂದು ಲೆಕ್ಕ ಹೇಳುತ್ತೇನೆ. ಟ್ಯಾಂಕಿನ ವ್ಯಾಸ 50 ಸೆಂಟಿಮೀಟರ್, ಒಳಗೆ 8 ಬಾರ್ ಒತ್ತಡದ ಗಾಳಿ ಇದೆ ಅಂದುಕೊಳ್ಳಿ. ಆಗ ಒಂದು ಬದಿಯ ಮುಚ್ಚಳವನ್ನು ಒಳಗಿನ ಗಾಳಿ 15 ಟನ್ನಿಗಿಂತ ಜಾಸ್ತಿ ಬಲದಿಂದ ಹೊರಗೆ ನೂಕುತ್ತಿರುತ್ತದೆ. ಒತ್ತಡ ಮಿತಿ ಮೀರಿದಾಗ ಅದನ್ನು ಇಳಿಸುವುದು ಆ ಪುಟ್ಟ ವಾಲ್ವ್.

ಅದು ಊದುವಾಗ ಗೇಜಿನ ಮುಳ್ಳು ಎಲ್ಲಿದೆ ನೋಡಿ. ವಾಲ್ವ್ ಮೇಲೆ ಬರೆದ ಒತ್ತಡಕ್ಕೇ ಊದಿದರೆ ಅದರದ್ದೇನೂ ತಪ್ಪಿಲ್ಲ. ಪ್ರೆಶರ್ ಸ್ವಿಚ್ ಹೊತ್ತಿಗೆ ಸರಿಯಾಗಿ ಮೋಟಾರ್ ನಿಲ್ಲಿಸುತ್ತಿಲ್ಲ, ಅದನ್ನು ರಿಪೇರಿ ಮಾಡಿಸಿ. ಅದಕ್ಕೂ ಕಡಿಮೆಗೇ ಊದಿದರೆ ಗೇಜ್ ಕೆಟ್ಟಿರಬಹುದು, ಇಲ್ಲವೇ ವಾಲ್ವಿನ ಸ್ಪ್ರಿಂಗ್ ಸೋತಿರಬಹುದು. ಹೊಸ ವಾಲ್ವ್ ಹಾಕುವುದಾದರೆ ಅದು ತೆರೆಯುವ ಒತ್ತಡ ಟ್ಯಾಂಕಿನ ನೇಮ್‌ಪ್ಲೇಟಿನಲ್ಲಿರುವ ಮಿತಿಯನ್ನು ದಾಟಬಾರದು. ಕಂಪ್ರೆಸರ್ ಕೊಡುವ ಅಷ್ಟೂ ಗಾಳಿಯನ್ನು ಹೊರಗೆ ಬಿಡುವ ತಾಕತ್ತೂ ಅದಕ್ಕಿರಬೇಕು.

ನನಗೆ ಜಾಸ್ತಿ ಚಿಂತೆ ಆಗಿದ್ದು ನಿಮ್ಮ ಕೊನೆಯ ಮಾತು ಓದಿ. ಗಾಳಿ ತಣ್ಣಗಾದಾಗ ಅದರ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ತುಕ್ಕು ಶುರುವಾಗುವುದೇ ಅಲ್ಲಿ, ಒಳಗಿನಿಂದ. ಮೇಂಟೆನೆನ್ಸ್ ಕೆಲಸದಲ್ಲಿದ್ದಾಗ ಒಂದು ಟ್ಯಾಂಕ್ ನೋಡಿದ್ದೆ. ಆಗತಾನೇ ನೀಲಿ ಬಣ್ಣ ಬಳಿದಿದ್ದರು, ಮುಖ ಕಾಣುವಷ್ಟು ಹೊಳಪು. ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇಟ್ಟೆ. ಪಕ್ಕದ ತಗಡು 6 ಮಿಲಿಮೀಟರ್. ತಳದಲ್ಲಿ ನೀರು ಬಿಡುವ ಡ್ರೈನ್ ಹತ್ತಿರ 2.8. ಮೀಟರ್ ಕೆಟ್ಟಿರಬೇಕು ಅಂತ ಒರೆಸಿ ಮತ್ತೆ ಇಟ್ಟೆ. ಅಷ್ಟೇ ತೋರಿಸಿತು. ಡ್ರೈನ್ ತಿರುಗಿಸಿದರೆ ಇಟ್ಟಿಗೆ ಬಣ್ಣದ ನೀರು, ಜೊತೆಗೆ ತುಕ್ಕಿನ ಚಕ್ಕೆಗಳು. ಅವತ್ತಿನವರೆಗೂ ಜನ ಅದರ ಪಕ್ಕದಲ್ಲೇ ನಿಂತು ಕೆಲಸ ಮಾಡುತ್ತಿದ್ದರು.

ನೀವೂ ತಗಡಿನ ದಪ್ಪ ಅಳೆಸಿ. ಆಮೇಲೆ ತಿಳಿದವರಿಂದ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ. ಗಾಳಿ ತುಂಬಿ ಪರೀಕ್ಷೆ ಮಾಡುವ ಸಾಹಸ ಬೇಡ. ನೀರು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಟ್ಯಾಂಕ್ ಸೀಳಿದರೂ ಒತ್ತಡ ತಟ್ಟನೆ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ, ಸ್ಪ್ರಿಂಗಿನಂತೆ ಹಿಗ್ಗಿ ತಗಡಿನ ಚೂರುಗಳನ್ನು ಎಸೆಯುತ್ತದೆ. ತಗಡು ಸವೆದಿದ್ದರೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ, ಟ್ಯಾಂಕನ್ನೇ ಬದಲಿಸಿ. ಇನ್ನು ಮೇಲೆ ದಿನಾ ಡ್ರೈನ್ ತೆಗೆದು ನೀರು ಬಿಡಿ.

ದಪ್ಪ ಅಳೆಯುವವರು ಬರುವ ತನಕ ಕಂಪ್ರೆಸರ್ ಆಫ್ ಇರಲಿ.